ಸೋಂಪುರದ ತಾರಸಿಗೆ ಸೋಲಾರ್: ಮೊದಲು ಅಳೆಯಿರಿ, ಆಮೇಲೆ ಕೊಳ್ಳಿ

ಸೋಂಪುರ ಹೋಬಳಿಯಲ್ಲಿ ಬಿಸಿಲಿಗೆ ಬರವಿಲ್ಲ. ನೆಲಮಂಗಲ ತಾಲ್ಲೂಕಿನ ಈ ಭಾಗದಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ದಿನಕ್ಕೆ ಸರಾಸರಿ ಐದು ಯೂನಿಟ್‌ಗೂ ಮಿಕ್ಕಿ ಬಿಸಿಲಿನ ಶಕ್ತಿ ಬೀಳುತ್ತದೆ. ಇಲ್ಲಿನ ತಾರಸಿಯ ಮೇಲೆ ಸರಿಯಾಗಿ ಕೂರಿಸಿದ ಒಂದು ಕಿಲೋವಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕರೆಂಟು ಕೊಡುತ್ತದೆ. ಊರೂರಲ್ಲೂ ಮಾಡಿನ ಮೇಲೆ ಪ್ಯಾನೆಲ್ ಹಾಕಿಕೊಂಡಿರುವ ಜರ್ಮನಿಯಲ್ಲಿ ಅಷ್ಟೇ ಪ್ಯಾನೆಲ್‌ಗೆ ವರ್ಷಕ್ಕೆ ಸಾವಿರ ಯೂನಿಟ್ ಸಿಕ್ಕರೆ ಹೆಚ್ಚು. ನಮ್ಮಲ್ಲಿ 1,400 ದಾಟುತ್ತದೆ. ಪಕ್ಕದ ತುಮಕೂರು ಜಿಲ್ಲೆಯ ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಎದ್ದು ನಿಂತಿದ್ದಕ್ಕೆ ಈ ಬಯಲುಸೀಮೆಯ ಬಿಸಿಲೂ ಒಂದು ಕಾರಣ.

ಹಾಗಾದರೆ ಎಲ್ಲರೂ ಹಾಕಿಸಿಕೊಳ್ಳಬಹುದೇ? ಇಲ್ಲ. ಬಿಸಿಲು ಎಲ್ಲರ ಮನೆಗೂ ಒಂದೇ, ಬಿಲ್ಲು ಮತ್ತು ತಾರಸಿ ಮಾತ್ರ ಒಂದೊಂದು ಮನೆಗೆ ಒಂದೊಂದು ಥರ. ಮಾರಲು ಬಂದವರು ಬಿಸಿಲಿನ ಲೆಕ್ಕವನ್ನಷ್ಟೇ ಹೇಳುತ್ತಾರೆ. ಉಳಿದೆರಡನ್ನು ನೀವೇ ಅಳೆದುಕೊಳ್ಳಬೇಕು. ಕಾಗದ, ಪೆನ್ನು, ಒಂದು ಟೇಪು ಇದ್ದರೆ ಸಾಕು, ಎಂಜಿನಿಯರ್ ಬೇಕಾಗಿಲ್ಲ.

ಹಂತ 1: ಒಂದು ವರ್ಷದ ಕರೆಂಟ್ ಬಿಲ್ಲು ಮುಂದಿಟ್ಟುಕೊಳ್ಳಿ

ಹನ್ನೆರಡು ತಿಂಗಳ ಬೆಸ್ಕಾಂ ಬಿಲ್ಲುಗಳನ್ನು ಹುಡುಕಿ. ಕಳೆದಿದ್ದರೆ ಉಪವಿಭಾಗದ ಕಚೇರಿಯಲ್ಲೋ ಬೆಸ್ಕಾಂ ಆ್ಯಪ್‌ನಲ್ಲೋ ಹಳೆಯ ಲೆಕ್ಕ ಸಿಗುತ್ತದೆ. ಪ್ರತಿ ತಿಂಗಳು ಎಷ್ಟು ಯೂನಿಟ್ ಉರಿದಿದೆ, ಎಷ್ಟು ದುಡ್ಡು ಕಟ್ಟಿದ್ದೀರಿ, ಮಂಜೂರಾದ ಲೋಡ್ ಎಷ್ಟು ಕಿಲೋವಾಟ್ ಎಂಬ ಮೂರನ್ನೂ ಬರೆದುಕೊಳ್ಳಿ.

ಈಗ ಗೃಹಜ್ಯೋತಿಯ ವಿಚಾರ. 2023ರಿಂದ ನಮ್ಮ ರಾಜ್ಯದಲ್ಲಿ ತಿಂಗಳಿಗೆ 200 ಯೂನಿಟ್ ಒಳಗಿನ ಮನೆಗಳಿಗೆ ಉಚಿತ ಕರೆಂಟಿನ ಈ ಸವಲತ್ತು ಇದೆ. ಆದರೆ ಎಲ್ಲರಿಗೂ 200 ಯೂನಿಟ್ ಉಚಿತ ಎಂದು ತಿಳಿದವರೇ ಹೆಚ್ಚು. ನಿಮ್ಮ ಪಾಲು ಎಂದರೆ 2022-23ರಲ್ಲಿ ನೀವು ಬಳಸಿದ ತಿಂಗಳ ಸರಾಸರಿ, ಅದರ ಮೇಲೆ ಶೇ. 10 (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದರೆ ಶೇ. 10ರ ಬದಲು 10 ಯೂನಿಟ್). ಹೊಸ ಮನೆಗಾದರೆ ರಾಜ್ಯದ ಸರಾಸರಿಯಾದ 53 ಯೂನಿಟ್‌ನ ಮೇಲೆ ಶೇ. 10. ಪಾಲು ಮೀರಿ 200ರ ಒಳಗೆ ಬಳಸಿದರೆ ಹೆಚ್ಚಾದ ಯೂನಿಟ್‌ಗೆ ಮಾತ್ರ ಕಟ್ಟಬೇಕು. 200 ದಾಟಿದ ತಿಂಗಳು ಪೂರ್ತಿ ಬಿಲ್ಲನ್ನೂ ಕಟ್ಟಬೇಕು.

ಈ ನಿಯಮ ಇಟ್ಟುಕೊಂಡು ನಿಮ್ಮ ಮನೆ ಎಲ್ಲಿ ನಿಲ್ಲುತ್ತದೆ ನೋಡಿ.

ಬಿಲ್ಲು ಸೊನ್ನೆ ಬರುತ್ತಿದ್ದರೆ ಸೋಲಾರ್‌ಗೆ ಹಾಕಿದ ಹಣ ಉಳಿತಾಯದ ರೂಪದಲ್ಲಿ ತಿರುಗಿ ಬರುವುದಿಲ್ಲ. ಸುಮ್ಮನಿರಿ, ಆ ದುಡ್ಡು ಮಕ್ಕಳ ಫೀಸಿಗೋ ಹಸುವಿಗೋ ಇರಲಿ. ಇದನ್ನು ಮಾರಾಟದವರು ಹೇಳುವುದಿಲ್ಲ, ಆದರೆ ಹೇಳಲೇಬೇಕಾದ ಮಾತು.

ತಿಂಗಳಿಗೆ 210, 220, 230 ಎಂದು 200ರ ಗೆರೆಯ ಆಚೆಗೆ ಸ್ವಲ್ಪವೇ ಹೋಗುತ್ತಿದ್ದರೆ ಪ್ಯಾನೆಲ್‌ಗಿಂತ ಮೊದಲು ಫ್ಯಾನ್ ಕಡೆ ನೋಡಿ. ಹಳೆಯ ಸೀಲಿಂಗ್ ಫ್ಯಾನ್ 75 ವಾಟ್ ಎಳೆಯುತ್ತದೆ, ಈಗಿನ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ನಾಲ್ಕು ಫ್ಯಾನ್ ದಿನಕ್ಕೆ ಹತ್ತು ಗಂಟೆ ತಿರುಗುವ ಮನೆಯಲ್ಲಿ ಬದಲಾಯಿಸಿದರೆ ತಿಂಗಳಿಗೆ ಐವತ್ತು ಯೂನಿಟ್‌ಗೂ ಹೆಚ್ಚು ಉಳಿಯುತ್ತದೆ. ಆಗ ಬಿಲ್ಲು ಗೆರೆಯ ಈಚೆಗೆ ಬಂದು ಗೃಹಜ್ಯೋತಿಯ ಪಾಲು ಮತ್ತೆ ಕೈಗೆ ಸಿಗುತ್ತದೆ. ಕೆಲವು ಸಾವಿರದಲ್ಲಿ ಮುಗಿಯುವ ಕೆಲಸಕ್ಕೆ ಲಕ್ಷ ಯಾಕೆ?

ಮೂರನೆಯ ಗುಂಪು 250, 300, 400 ಯೂನಿಟ್ ಬಳಸುವವರದು. ಕೂಡು ಕುಟುಂಬ, ಮೇಲೊಂದು ಕೆಳಗೊಂದು ಮನೆ ಒಂದೇ ಮೀಟರ್, ಎಲೆಕ್ಟ್ರಿಕ್ ಸ್ಕೂಟರ್, ಇಂಡಕ್ಷನ್ ಒಲೆ, ಎಸಿ, ಬೋರ್‌ವೆಲ್ ನೀರನ್ನು ಟ್ಯಾಂಕಿಗೆ ಏರಿಸುವ ಮೋಟರ್. ಈ ಮನೆಗಳಿಗೆ ಸೋಲಾರ್ ಖಂಡಿತ ಲಾಭ. ಮುಂದಿನ ಹಂತಗಳು ಇವರಿಗಾಗಿಯೇ.

ಸೋಂಪುರ ಕೈಗಾರಿಕಾ ಪ್ರದೇಶದ ಕೆಲಸಗಾರರಿಗೆಂದು ಸಾಲಾಗಿ ಬಾಡಿಗೆ ಮನೆ ಕಟ್ಟಿಸಿದವರಿಗೆ ಒಂದು ಮಾತು. ತಾರಸಿ ನಿಮ್ಮದು, ಮೀಟರ್‌ಗಳು ಆರೋ ಎಂಟೋ, ಬಾಡಿಗೆದಾರರಿಗೆ ಅವರವರ ಗೃಹಜ್ಯೋತಿ ಇದೆ. ಪ್ಯಾನೆಲ್‌ಗಳನ್ನು ನಿಮ್ಮ ಸ್ವಂತ ವಾಸದ ಮೀಟರ್‌ಗೆ ಸೇರಿಸಿ, ನಿಮ್ಮ ಬಳಕೆಯ ಅಳತೆಗೆ ಮಾತ್ರ ಹಾಕಿಸಿ. ತಾರಸಿ ದೊಡ್ಡದಿದೆ ಎಂಬುದು ದೊಡ್ಡ ಪ್ಲಾಂಟ್ ಹಾಕಲು ಕಾರಣ ಆಗಬಾರದು. ತೋಟದ ಪಂಪ್‌ಸೆಟ್‌ನ ವಿಚಾರವೂ ಇದಕ್ಕೆ ಸೇರುವುದಿಲ್ಲ. ಅದಕ್ಕೆ ಕುಸುಮ್ ಯೋಜನೆ ಬೇರೆಯೇ ಇದೆ.

ಹಂತ 2: ಬಿಸಿನೀರನ್ನು ಮೊದಲು ಬಿಸಿಲಿಗೆ ಬಿಡಿ

ನಾಲ್ಕೈದು ಜನರ ಮನೆಯಲ್ಲಿ ಎರಡು ಕಿಲೋವಾಟ್ ಗೀಸರ್ ದಿನಕ್ಕೆ ಒಂದು ಗಂಟೆ ಉರಿದರೂ ತಿಂಗಳಿಗೆ 60 ಯೂನಿಟ್ ಅದಕ್ಕೇ ಹೋಯಿತು. ಪ್ಯಾನೆಲ್‌ನಿಂದ ಕರೆಂಟು ಮಾಡಿ, ಆ ಕರೆಂಟಿನಿಂದ ನೀರು ಕಾಯಿಸುವುದಕ್ಕಿಂತ ಬಿಸಿಲಿನಿಂದ ನೇರವಾಗಿ ಕಾಯಿಸುವುದು ಅಗ್ಗ. ಬೆಂಗಳೂರಿನ ಸುತ್ತ ಸೋಲಾರ್ ವಾಟರ್ ಹೀಟರ್ ಹೊಸತೇನಲ್ಲ, ದೇಶದಲ್ಲೇ ಅತಿ ಹೆಚ್ಚು ಹೀಟರ್ ಇರುವ ಊರುಗಳಲ್ಲಿ ಇದೂ ಒಂದು. ಹೀಟರ್ ಇರುವ ಮನೆಗೆ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿಯೂ ಇದೆ; ಎಷ್ಟೋ ಮನೆಯವರು ಅದನ್ನು ಕೇಳಿಯೇ ಇಲ್ಲ. ನಮ್ಮ ಬೋರ್‌ವೆಲ್ ನೀರು ಗಡಸು. ಹಾಗಾಗಿ ಕೊಳವೆಗಳಲ್ಲಿ ಉಪ್ಪು ಕಟ್ಟದಂತೆ ವರ್ಷಕ್ಕೊಮ್ಮೆ ಕ್ಲೀನ್ ಮಾಡಿಸುವವರನ್ನೂ ಗೊತ್ತು ಮಾಡಿಟ್ಟುಕೊಳ್ಳಿ.

ಹಂತ 3: ತಾರಸಿ ಹತ್ತಿ ನೆರಳನ್ನು ಗುರುತಿಸಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದೇ. ಪ್ಯಾನೆಲ್‌ನ ಒಂದು ಮೂಲೆಗೆ ನೆರಳು ಬಿದ್ದರೂ ಆ ಪ್ಯಾನೆಲ್‌ನ ಹುಟ್ಟುವಳಿ ಬಿದ್ದುಹೋಗುತ್ತದೆ, ಸಾಲಾಗಿ ಒಂದಕ್ಕೊಂದು ಸೇರಿಸಿದ್ದರೆ ಉಳಿದವನ್ನೂ ಎಳೆಯುತ್ತದೆ. ಒಂದು ತೆಂಗಿನ ಗರಿ, ಒಂದು ಡಿಶ್ ಆಂಟೆನಾ ಸಾಕು.

ಸೋಂಪುರ ಇರುವುದು ಸುಮಾರು 13.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24-25ರ ಹೊತ್ತಿಗೆ ಮತ್ತು ಆಗಸ್ಟ್ 18ರ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಆ ಎರಡು ದಿನಗಳ ನಡುವೆ ಸೂರ್ಯ ನಮ್ಮ ಉತ್ತರಕ್ಕೆ, ವರ್ಷದ ಉಳಿದ ಎಂಟು ತಿಂಗಳು ದಕ್ಷಿಣಕ್ಕೆ. ಅದಕ್ಕೇ ಪ್ಯಾನೆಲ್‌ನ ಮುಖ ದಕ್ಷಿಣಕ್ಕೆ, ಇಳಿಜಾರು 10ರಿಂದ 15 ಡಿಗ್ರಿ. ಮನೆ ಸ್ವಲ್ಪ ಓರೆಯಾಗಿದ್ದು ಆಗ್ನೇಯಕ್ಕೋ ನೈಋತ್ಯಕ್ಕೋ ಮುಖ ಮಾಡಬೇಕಾಗಿ ಬಂದರೆ ನಷ್ಟ ತೀರ ಕಡಿಮೆ, ಅದಕ್ಕಾಗಿ ಕೊರಗಬೇಡಿ. ಆದರೆ ಪೂರ್ತಿ ಮಟ್ಟವಾಗಿ ಮಲಗಿಸಲು ಒಪ್ಪಬೇಡಿ: ಮಳೆ ನೀರು ಹರಿಯದೆ ಅಂಚುಗಳಲ್ಲಿ ಮಣ್ಣು ಕಟ್ಟುತ್ತದೆ.

ನೆರಳು ಅತಿ ಉದ್ದವಾಗುವುದು ಧನುರ್ಮಾಸದಲ್ಲಿ, ಡಿಸೆಂಬರ್ 21ರ ಆಸುಪಾಸು. ಆ ದಿನಗಳಲ್ಲಿ ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಮೂರಕ್ಕೆ ತಾರಸಿಗೆ ಹೋಗಿ ನೆರಳಿನ ಅಂಚಿಗೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಮೂರು ಗೆರೆಗಳ ಹೊರಗೆ ಉಳಿದ ಜಾಗವೇ ನಿಮ್ಮ ಸೋಲಾರ್ ಜಾಗ. ಧನುರ್ಮಾಸದವರೆಗೆ ಕಾಯಲು ಆಗದಿದ್ದರೆ ಲೆಕ್ಕದಲ್ಲೂ ಹಿಡಿಯಬಹುದು. ಆ ದಿನ ಬೆಳಿಗ್ಗೆ ಒಂಬತ್ತರ ನೆರಳು ವಸ್ತುವಿನ ಎತ್ತರದ ಸುಮಾರು ಒಂದೂಮುಕ್ಕಾಲು ಪಟ್ಟು, ನಡು ಮಧ್ಯಾಹ್ನ ಮುಕ್ಕಾಲು ಪಟ್ಟು. ಎಂಟು ಅಡಿ ಎತ್ತರದ ಮೆಟ್ಟಿಲ ಕೋಣೆ ಬೆಳಿಗ್ಗೆ ಹದಿನಾಲ್ಕು ಅಡಿ ನೆರಳು ಚೆಲ್ಲುತ್ತದೆ. ನಾಲ್ಕಡಿ ಕಟ್ಟೆಯ ಮೇಲೆ ಕೂತ ಸಿಂಟೆಕ್ಸ್ ಟ್ಯಾಂಕ್ ಕೂಡ ಅಷ್ಟೇ ದೂರ ಚಾಚುತ್ತದೆ. ಇವು ತಾರಸಿಯ ಉತ್ತರದ ಅಂಚಿನಲ್ಲಿದ್ದರೆ ನಿಮ್ಮ ಪುಣ್ಯ. ದಕ್ಷಿಣದಲ್ಲಿದ್ದರೆ ಟ್ಯಾಂಕ್ ಸ್ಥಳಾಂತರಿಸುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ. ಪಕ್ಕದ ಖಾಲಿ ಸೈಟನ್ನೂ ನೋಡಿ. ದಾಬಸ್‌ಪೇಟೆ ಸುತ್ತ ಮನೆಗಳು ಏಳುತ್ತಿರುವ ವೇಗದಲ್ಲಿ ಇವತ್ತು ಖಾಲಿ ಇದ್ದದ್ದು ಎರಡು ವರ್ಷದಲ್ಲಿ ಮೂರಂತಸ್ತು ಆಗಬಹುದು. ತೆಂಗಿನ ಸಸಿಯೂ ಹಾಗೆಯೇ, ಹತ್ತು ವರ್ಷ ಮುಂದಕ್ಕೆ ಕಣ್ಣು ಹಾಯಿಸಿ.

ಜಾಗ ಎಷ್ಟು ಬೇಕು? 540 ವಾಟ್‌ನ ಒಂದು ಪ್ಯಾನೆಲ್ ಸುಮಾರು ಏಳೂವರೆ ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ, ತೂಕ 28 ಕಿಲೋ ಆಸುಪಾಸು. ಮೂರು ಕಿಲೋವಾಟ್‌ಗೆ ಆರು ಪ್ಯಾನೆಲ್. ನಡುವೆ ಓಡಾಡಲು, ತೊಳೆಯಲು ಜಾಗ ಸೇರಿ 250ರಿಂದ 300 ಚದರಡಿ ಇಟ್ಟುಕೊಳ್ಳಿ. ಮೂವತ್ತು-ನಲವತ್ತರ ಸೈಟಿನ ಮನೆಗೆ ಇದು ಕಷ್ಟವಲ್ಲ.

ಆರ್‌ಸಿಸಿ ಮೋಲ್ಡಿನ ಮನೆ ಆದರೆ ಒಳ್ಳೆಯದು. ಹೆಂಚಿನ ಮನೆ, ಸಿಮೆಂಟ್ ಶೀಟಿನ ಮನೆ ಆದರೆ ಮಾಡಿನ ಮೇಲೆ ಕೂರಿಸಬೇಡಿ. ಅದು ಆ ಭಾರಕ್ಕೂ ಗಾಳಿಯ ಎಳೆತಕ್ಕೂ ಕಟ್ಟಿದ್ದಲ್ಲ, ಕೂರಿಸಲು ಹತ್ತಿದವರೇ ಬೀಳುತ್ತಾರೆ. ಅಂಗಳದಲ್ಲೋ ಕೊಟ್ಟಿಗೆ ಪಕ್ಕದಲ್ಲೋ ಕಬ್ಬಿಣದ ಕಂಬದ ಮೇಲೆ ಚಪ್ಪರದಂತೆ ಎತ್ತಬಹುದೇ ಎಂದು ವಿಚಾರಿಸಿ.

ನಮ್ಮ ಕಡೆಯ ಮನೆಗಳಿಗೆ ತಾರಸಿ ಎಂದರೆ ಖಾಲಿ ಜಾಗವಲ್ಲ. ರಾಗಿ ಒಣಗುವುದು ಅಲ್ಲಿ, ಹುಣಸೆಹಣ್ಣು, ಹುರುಳಿ, ಅವರೆ, ಸಂಡಿಗೆ ಎಲ್ಲ ಅಲ್ಲೇ. ನೆಲಕ್ಕೆ ತಾಗಿದಂತೆ ಪ್ಯಾನೆಲ್ ಹರಡಿದರೆ ಮನೆಯ ಹೆಂಗಸರ ಅರ್ಧ ಕೆಲಸಕ್ಕೆ ಜಾಗವೇ ಇಲ್ಲದಾಗುತ್ತದೆ. ಅವರನ್ನು ಕೇಳದೆ ಈ ತೀರ್ಮಾನ ಮಾಡಬೇಡಿ. ಏಳೆಂಟು ಅಡಿ ಎತ್ತರದ ಸ್ಟ್ರಕ್ಚರ್ ಹಾಕಿಸಿದರೆ ಖರ್ಚು ಹೆಚ್ಚಾಗುತ್ತದೆ ನಿಜ, ಆದರೆ ಕೆಳಗಿನ ಜಾಗ ಪೂರ್ತಿ ಉಳಿಯುತ್ತದೆ, ಮೇಲಿನ ಮನೆಯ ಕಾವೂ ತಗ್ಗುತ್ತದೆ. ಕಟ್ಟೆಯ ನೆರಳಿನ ಕಾಟವೂ ಇರುವುದಿಲ್ಲ. ಕೃಷಿಯ ಮನೆಗೆ ನಾನು ಎತ್ತರದ್ದನ್ನೇ ಹೇಳುತ್ತೇನೆ. ಆದರೆ ಅಷ್ಟು ಎತ್ತರದ್ದನ್ನು ಗಾಳಿ ಹೆಚ್ಚು ಹಿಡಿಯುತ್ತದೆ. ಅದರ ಮಾತು ಎಂಟನೇ ಹಂತದಲ್ಲಿ.

ಹಂತ 4: ಕರೆಂಟ್ ಹೋದಾಗ ಏನಾಗಬೇಕು ಎಂದು ತೀರ್ಮಾನಿಸಿ

ಹಾಕಿಸಿಕೊಂಡ ಮೇಲೆ ಬರುವ ದೊಡ್ಡ ನಿರಾಸೆ ಇದು: ನಡು ಮಧ್ಯಾಹ್ನ, ಸುಡು ಬಿಸಿಲು, ತಾರಸಿ ತುಂಬ ಪ್ಯಾನೆಲ್, ಲೈನಿನಲ್ಲಿ ಕರೆಂಟು ಹೋದ ಕೂಡಲೇ ಮನೆಯೂ ಕತ್ತಲು. ಬೆಸ್ಕಾಂ ಲೈನಿಗೆ ಸೇರಿಸಿದ ಆನ್‌ಗ್ರಿಡ್ ಪ್ಲಾಂಟ್ ಕೆಲಸ ಮಾಡುವುದೇ ಹಾಗೆ. ಲೈನಿನಲ್ಲಿ ಕರೆಂಟು ಇಲ್ಲದಾಗ ನಿಮ್ಮ ಇನ್ವರ್ಟರ್ ತಾನಾಗಿ ಆಫ್ ಆಗಲೇಬೇಕು. ಆಗದಿದ್ದರೆ ನಿಮ್ಮ ತಾರಸಿಯ ಕರೆಂಟು ತಂತಿಗೆ ಹರಿದು, ಕಂಬದ ಮೇಲೆ ರಿಪೇರಿ ಮಾಡುತ್ತಿರುವ ಲೈನ್‌ಮನ್‌ನ ಜೀವ ಹೋಗುತ್ತದೆ. ಆ ರಕ್ಷಣೆಯನ್ನು ಯಾರಾದರೂ "ಬೈಪಾಸ್ ಮಾಡಿಕೊಡುತ್ತೇನೆ" ಎಂದರೆ ಅವರನ್ನು ಗೇಟಿನಿಂದಲೇ ಕಳಿಸಿಬಿಡಿ.

ಬೇಕಾದ್ದು ಬಿಲ್ಲಿನ ಉಳಿತಾಯ ಮಾತ್ರ ಎಂದಾದರೆ ಆನ್‌ಗ್ರಿಡ್ ಸಾಕು. ಅಗ್ಗ, ಬ್ಯಾಟರಿಯ ತಲೆನೋವಿಲ್ಲ. ಕರೆಂಟ್ ಹೋದಾಗ ನಾಲ್ಕು ಲೈಟು, ಎರಡು ಫ್ಯಾನಿಗೆ ಮನೆಯಲ್ಲಿರುವ ಹಳೆಯ ಯುಪಿಎಸ್ ಇದ್ದೇ ಇದೆ. ಮನೆಯಲ್ಲಿ ಆಕ್ಸಿಜನ್ ಯಂತ್ರ ಬೇಕಾದ ರೋಗಿ ಇದ್ದರೆ, ಮನೆಯಿಂದಲೇ ಹೊಲಿಗೆಯೋ ಕಂಪ್ಯೂಟರ್ ಕೆಲಸವೋ ನಡೆಯುತ್ತಿದ್ದರೆ ಬ್ಯಾಟರಿ ಸೇರಿದ ಹೈಬ್ರಿಡ್ ನೋಡಿ. ಬ್ಯಾಟರಿಗೆ ಸಬ್ಸಿಡಿ ಸೇರುವುದಿಲ್ಲ, ಕೆಲವು ವರ್ಷಕ್ಕೆ ಅದನ್ನು ಬದಲಾಯಿಸಬೇಕು. ಲೈನಿಗೆ ಸೇರದ ಆಫ್‌ಗ್ರಿಡ್ ಪ್ಲಾಂಟ್ ಕಂಬವೇ ಬಾರದ ತೋಟದ ಮನೆಗೆ ಸರಿ. ಊರೊಳಗಿನ ಮನೆಗೆ ಬೇಡ.

ಹಂತ 5: ಎಷ್ಟು ಕಿಲೋವಾಟ್, ಎಷ್ಟು ದುಡ್ಡು

ತಿಂಗಳ ಸರಾಸರಿ ಯೂನಿಟ್ ಅನ್ನು 120ರಿಂದ ಭಾಗಿಸಿ, ಬಂದದ್ದೇ ನಿಮಗೆ ಬೇಕಾದ ಕಿಲೋವಾಟ್. 240 ಯೂನಿಟ್‌ಗೆ ಎರಡು, 360ಕ್ಕೆ ಮೂರು. ಅದಕ್ಕಿಂತ ಹೆಚ್ಚು ಹಾಕಿ "ಬೆಸ್ಕಾಂಗೆ ಮಾರುತ್ತೇನೆ" ಎನ್ನುವ ಆಸೆ ಬೇಡ. ನೆಟ್ ಮೀಟರ್ ಪದ್ಧತಿಯಲ್ಲಿ ನೀವು ಬಳಸಿದ್ದಕ್ಕೂ ಲೈನಿಗೆ ಕೊಟ್ಟಿದ್ದಕ್ಕೂ ಯೂನಿಟ್‌ಗೆ ಯೂನಿಟ್ ವಜಾ ಆಗುತ್ತದೆ. ವಜಾ ಆಗಿ ಮಿಕ್ಕಿದ್ದಕ್ಕೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಗೊತ್ತುಮಾಡಿದ ದರ ಸಿಗುತ್ತದೆ. ಅದು ನೀವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ.

ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಆರಂಭಿಸಿದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ಸಬ್ಸಿಡಿ. ಮೂರು ಕಿಲೋವಾಟ್‌ಗೆ 78,000 ಆಯಿತು, ಐದು ಹಾಕಿದರೂ ಹತ್ತು ಹಾಕಿದರೂ ಅಷ್ಟೇ. ಒಂದು ಕೋಟಿ ಮನೆಗಳ ಗುರಿಯಿಟ್ಟುಕೊಂಡ ಯೋಜನೆ ಇದು, 2026-27ರವರೆಗೆ ಮಂಜೂರಾಗಿದೆ. ಸಬ್ಸಿಡಿ ಬೇಕಾದರೆ ಸೆಲ್ ಕೂಡ ಭಾರತದಲ್ಲೇ ತಯಾರಾದ, ಡಿಸಿಆರ್ ಎಂದು ಕರೆಯುವ ಪ್ಯಾನೆಲ್‌ಗಳನ್ನೇ ಹಾಕಿಸಬೇಕು. ಅವು ಬೇರೆಯವಕ್ಕಿಂತ ತುಸು ದುಬಾರಿ.

ಮೂರು ಕಿಲೋವಾಟ್ ಆನ್‌ಗ್ರಿಡ್‌ಗೆ ಈಗ ಎರಡು ಲಕ್ಷದ ಆಸುಪಾಸು ಎಂದುಕೊಳ್ಳಿ. ಎತ್ತರದ ಸ್ಟ್ರಕ್ಚರ್ ಆದರೆ ಇನ್ನಷ್ಟು. 2025ರ ಸೆಪ್ಟೆಂಬರ್‌ನಲ್ಲಿ ಸೋಲಾರ್ ಸಾಮಾನಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಹಳೆಯ ದರದ ಕೊಟೇಶನ್ ತೋರಿಸಿದರೆ ಕೇಳಿ. ಸಬ್ಸಿಡಿ ಕಳೆದು ನಿಮ್ಮ ಕೈಯಿಂದ ಹೋಗುವುದು 1,22,000. ತಿಂಗಳಿಗೆ 300 ಯೂನಿಟ್ ಬಳಸುವ ಮನೆಗೆ ಯೂನಿಟ್ ದರ, ಸರ್‌ಚಾರ್ಜ್, ತೆರಿಗೆ ಸೇರಿ ಆರೂವರೆ ರೂಪಾಯಿಯಂತೆ 1,950 ರೂಪಾಯಿ ಉಳಿಯುತ್ತದೆ.

ಇದರಲ್ಲಿ ಒಂದು ಕಳೆಯುವ ಲೆಕ್ಕವಿದೆ, ಕೊಟೇಶನ್‌ಗಳಲ್ಲಿ ಇದು ಕಾಣುವುದಿಲ್ಲ. ನಿಮ್ಮ ಮಂಜೂರಾದ ಲೋಡ್ ಒಂದು ಕಿಲೋವಾಟ್ ಇದ್ದು ಮೂರು ಕಿಲೋವಾಟ್ ಪ್ಲಾಂಟ್ ಹಾಕಿದರೆ ಲೋಡ್ ಕೂಡ ಏರುತ್ತದೆ. ನಿಗದಿತ ಶುಲ್ಕ 2025-26ರ ದರದಲ್ಲಿ ಕಿಲೋವಾಟ್‌ಗೆ ತಿಂಗಳಿಗೆ 145 ರೂಪಾಯಿ. ಎರಡು ಕಿಲೋವಾಟ್ ಏರಿದ್ದಕ್ಕೆ 290 ಹೆಚ್ಚಾಯಿತು. ಸೂರ್ಯ ಎಷ್ಟೇ ಕಾದರೂ ಆ ಶುಲ್ಕ ಕಟ್ಟಲೇಬೇಕು. ಅದನ್ನು ಕಳೆದರೆ ನಿಜವಾದ ಉಳಿತಾಯ ತಿಂಗಳಿಗೆ 1,660, ವರ್ಷಕ್ಕೆ ಇಪ್ಪತ್ತು ಸಾವಿರ. ಹಾಕಿದ ದುಡ್ಡು ತಿರುಗಿ ಬರಲು ಆರು ವರ್ಷ. "ಮೂರೇ ವರ್ಷ ಸಾರ್" ಎಂದವರಿಗೆ ಈ ಲೆಕ್ಕ ತೋರಿಸಿ.

ಕೈಯಲ್ಲಿ ದುಡ್ಡಿಲ್ಲದಿದ್ದರೆ ಸರ್ಕಾರಿ ಬ್ಯಾಂಕುಗಳಲ್ಲಿ ಮೂರು ಕಿಲೋವಾಟ್‌ವರೆಗೆ ಅಡಮಾನವಿಲ್ಲದ ಸಾಲ ಇದೆ, ಬಡ್ಡಿ ಶೇ. 6-7ರ ಸುಮಾರು. 1,20,000ಕ್ಕೆ ಶೇ. 6ರಂತೆ ಹತ್ತು ವರ್ಷಕ್ಕೆ ತಿಂಗಳ ಕಂತು 1,330 ಬರುತ್ತದೆ. ಮೊದಲ ತಿಂಗಳಿಂದಲೇ ಕಂತು ಉಳಿತಾಯಕ್ಕಿಂತ ಕಡಿಮೆ. ಕೈಸಾಲ ಮಾಡಿ, ಚೀಟಿ ಹಣ ಎತ್ತಿ ಹಾಕಿಸಬೇಡಿ. ಆ ಬಡ್ಡಿಯ ಮುಂದೆ ಯಾವ ಪ್ಯಾನೆಲ್ಲೂ ನಿಲ್ಲುವುದಿಲ್ಲ.

ಹಂತ 6: ಆರ್.ಆರ್. ನಂಬರ್ (ಕರೆಂಟ್ ಸಂಪರ್ಕ) ಯಾರ ಹೆಸರಿನಲ್ಲಿದೆ?

ಹಳ್ಳಿ ಮನೆಗಳ ಅರ್ಜಿ ಸಿಕ್ಕಿಕೊಳ್ಳುವುದು ಇಲ್ಲೇ. ತಾತ ತೀರಿಹೋಗಿ ಎಷ್ಟೋ ವರ್ಷವಾದರೂ ಬಿಲ್ಲು ತಾತನ ಹೆಸರಿಗೇ ಬರುತ್ತಿರುತ್ತದೆ. ಸಬ್ಸಿಡಿ ಬರುವುದು ಗ್ರಾಹಕರ ಬ್ಯಾಂಕ್ ಖಾತೆಗೆ. ಬಿಲ್ಲಿನ ಹೆಸರು, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು ಕೂಡಬೇಕು. ಮೊದಲು ಬೆಸ್ಕಾಂನಲ್ಲಿ ಹೆಸರು ಬದಲಾವಣೆ ಮಾಡಿಸಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಂಚಾಯಿತಿಯ ಇ-ಸ್ವತ್ತು ಖಾತೆ ಜೋಡಿಸಿಕೊಳ್ಳಿ. ಅಣ್ಣತಮ್ಮಂದಿರ ಪಾಲಾಗದ ಮನೆಯಾದರೆ ಎಲ್ಲರೂ ಕೂತು ಮಾತಾಡಿ ಒಪ್ಪಿಗೆ ಬರೆಸಿಕೊಳ್ಳಿ. ಇಪ್ಪತ್ತೈದು ವರ್ಷ ತಾರಸಿಯ ಮೇಲೆ ನಿಲ್ಲುವ ಆಸ್ತಿ ಇದು. ಹಳೆಯ ಬಿಲ್ ಬಾಕಿ ಇದ್ದರೆ ತೀರಿಸಿಬಿಡಿ.

ಹಂತ 7: ಅರ್ಜಿ ಮತ್ತು ವೆಂಡರ್

ಪಿಎಂ ಸೂರ್ಯ ಘರ್ ಸರ್ಕಾರಿ ಜಾಲತಾಣದಲ್ಲಿ ನಿಮ್ಮ ಮೊಬೈಲ್ ನಂಬರಿನಿಂದಲೇ ನೋಂದಾಯಿಸಿ. ರಾಜ್ಯ ಕರ್ನಾಟಕ, ಕಂಪನಿ ಬೆಸ್ಕಾಂ, ಆಮೇಲೆ ಬಿಲ್ಲಿನ ಮೇಲಿರುವ ಅಕೌಂಟ್ ಐಡಿ. ಮಗನೋ ಮಗಳೋ ಕೂತರೆ ಅರ್ಧ ಗಂಟೆಯ ಕೆಲಸ. ಅಂಗಡಿಯವರ ಮೊಬೈಲ್ ನಂಬರ್ ಕೊಡಬೇಡಿ, ಒಟಿಪಿ ಎಲ್ಲ ಅವರಿಗೆ ಹೋಗುತ್ತದೆ. ವೆಂಡರ್‌ಗಳ ಪಟ್ಟಿ ಅದೇ ಜಾಲತಾಣದಲ್ಲಿದೆ. ಪಟ್ಟಿಯಲ್ಲಿ ಇಲ್ಲದವರಿಂದ ಹಾಕಿಸಿದರೆ ಸಬ್ಸಿಡಿ ಇಲ್ಲ. "ಸರ್ಕಾರದಿಂದ ಪೂರ್ತಿ ಫ್ರೀ, ನೋಂದಣಿಗೆ ಐದು ಸಾವಿರ ಕಟ್ಟಿ" ಎಂದು ಫೋನ್ ಬಂದರೆ ಅದು ಮೋಸ, ಇಟ್ಟುಬಿಡಿ.

ಗೃಹಜ್ಯೋತಿಯ ಲೆಕ್ಕ ಸೋಲಾರ್ ಹಾಕಿದ ಮೇಲೆ ನಿಮ್ಮ ಮೀಟರ್‌ಗೆ ಹೇಗೆ ಬರುತ್ತದೆ ಎಂಬುದನ್ನು ಸಹಿ ಹಾಕುವ ಮುಂಚೆ ಉಪವಿಭಾಗದಲ್ಲಿ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಮೂವರಿಂದ ಕೊಟೇಶನ್ ತರಿಸಿ. ಒಟ್ಟು ಮೊತ್ತಕ್ಕಿಂತ ಒಳಗೆ ಬರೆದಿರುವುದನ್ನು ಹೋಲಿಸಿ: ಪ್ಯಾನೆಲ್‌ನ ಕಂಪನಿ, ಮಾಡೆಲ್, ಡಿಸಿಆರ್ ಪ್ರಮಾಣಪತ್ರ, ಇನ್ವರ್ಟರ್‌ನ ವಾರಂಟಿ ಎಷ್ಟು ವರ್ಷ, ಸ್ಟ್ರಕ್ಚರ್‌ನ ಎತ್ತರ, ಕಬ್ಬಿಣದ ದಪ್ಪ, ಅರ್ತಿಂಗ್ ಎಷ್ಟು ಗುಂಡಿ, ಮೀಟರ್ ಖರ್ಚು ಯಾರದು, ಐದು ವರ್ಷದ ನಿರ್ವಹಣೆಯಲ್ಲಿ ಏನೇನು ಸೇರಿದೆ. ಪ್ಯಾನೆಲ್‌ಗೆ ಇಪ್ಪತ್ತೈದು ವರ್ಷ ಎಂದು ಹೇಳುವುದು ಹುಟ್ಟುವಳಿಯ ಗ್ಯಾರಂಟಿ; ತಯಾರಿಕೆಯ ದೋಷದಿಂದ ಒಳಗೆ ಕೆಟ್ಟರೆ ಕೊಡುವ ವಾರಂಟಿ ಹತ್ತು-ಹನ್ನೆರಡು ವರ್ಷದ್ದು. ಎರಡನ್ನೂ ಬೇರೆ ಬೇರೆ ಬರೆಸಿ. ನೆಲಮಂಗಲ, ತುಮಕೂರು ಕಡೆ ಆಳು-ಕಾಳು ಇರುವವರನ್ನೇ ಆರಿಸಿ. ಅವರು ಎರಡು ವರ್ಷದ ಹಿಂದೆ ಹಾಕಿದ ಒಂದು ಮನೆಗೆ ನೀವೇ ಹೋಗಿ, ಕೆಟ್ಟಾಗ ಫೋನ್ ಎತ್ತಿದರೇ ಎಂದು ಕೇಳಿ ಬನ್ನಿ. ಪೂರ್ತಿ ಹಣ ಮುಂಗಡ ಕೊಡಬೇಡಿ, ಕೊನೆಯ ಕಂತು ಮೀಟರ್ ಕೂತ ಮೇಲೆ.

ಹಂತ 8: ಕೂರಿಸುವ ದಿನ ಪಕ್ಕದಲ್ಲೇ ನಿಲ್ಲಿ

ಆಷಾಢದ ಗಾಳಿ ಈ ಬಯಲಲ್ಲಿ ಹೇಗೆ ಬೀಸುತ್ತದೆ ಎಂದು ನಿಮಗೆ ಗೊತ್ತು. ಕಟ್ಟಡ ಸಂಹಿತೆಯ ಪ್ರಕಾರ ಬೆಂಗಳೂರಿನ ಗಾಳಿಯ ಲೆಕ್ಕ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 120 ಕಿಲೋಮೀಟರ್. ಸ್ಟ್ರಕ್ಚರ್ ಅದಕ್ಕಿಂತ ಗಟ್ಟಿ ಇರಬೇಕು. ಬಿಸಿ ಸತುವಿನಲ್ಲಿ ಅದ್ದಿದ ಜಿಐ ಕಬ್ಬಿಣ, ಬೋಲ್ಟ್ ಹಾಕಿದ ಜೋಡಣೆ. ಸ್ಥಳದಲ್ಲೇ ವೆಲ್ಡಿಂಗ್ ಮಾಡಿ ಬೆಳ್ಳಿ ಬಣ್ಣ ಬಳಿದದ್ದು ಮೂರು ಮಳೆಗೆ ತುಕ್ಕು ಹಿಡಿಯುತ್ತದೆ. ಕಂಬದ ಬುಡಕ್ಕೆ ಕಾಂಕ್ರೀಟ್ ಹಾಕಿಸಿ; ಮೋಲ್ಡಿಗೆ ತೂತು ಹೊಡೆದರೆ ನೀರು ಇಳಿಯದಂತೆ ರಾಸಾಯನಿಕ ಅಂಟು ತುಂಬಿಸಿದ್ದನ್ನು ಕಣ್ಣಾರೆ ನೋಡಿ.

ಅರ್ತಿಂಗ್ ಮೂರು ಗುಂಡಿ: ಪ್ಯಾನೆಲ್ ಕಡೆಗೆ ಒಂದು, ಮನೆ ಕಡೆಗೆ ಒಂದು, ಸಿಡಿಲು ತಡೆಗೆ ಒಂದು. ಮೂರನ್ನೂ ಒಂದರಲ್ಲೇ ಮುಗಿಸುವವರಿದ್ದಾರೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಇದರ ಬೆಲೆ ತಿಳಿಯುತ್ತದೆ, ಹಾಗಾಗಿ ಬಿಟ್ಟುಕೊಡಬೇಡಿ. ತಂತಿಗಳೆಲ್ಲ ಪೈಪಿನೊಳಗೆ ಇರಲಿ. ಶಿವಗಂಗೆ ಕಡೆಯ ಹಳ್ಳಿಗಳಲ್ಲಿ ಕೋತಿಗಳ ಹಿಂಡು ತಾರಸಿಗೆ ಬರುತ್ತದೆ, ನೇತಾಡುವ ವೈರ್ ಕಂಡರೆ ಎಳೆಯದೆ ಬಿಡುವುದಿಲ್ಲ. ಇನ್ವರ್ಟರ್ ಅನ್ನು ನೆರಳಲ್ಲಿ, ಗಾಳಿಯಾಡುವ ಗೋಡೆಗೆ, ಮಕ್ಕಳ ಕೈಗೆ ಸಿಗದ ಎತ್ತರಕ್ಕೆ ಹಾಕಿಸಿ.

ಪ್ರತಿ ಪ್ಯಾನೆಲ್‌ನ ಹಿಂದಿನ ಸೀರಿಯಲ್ ನಂಬರ್ ಫೋಟೋ ತೆಗೆದಿಟ್ಟುಕೊಳ್ಳಿ. ಸಬ್ಸಿಡಿಗೂ ವಾರಂಟಿಗೂ ಅದೇ ಆಧಾರ.

ಹಂತ 9: ಮೀಟರ್ ಮತ್ತು ಮೊದಲ ಬಿಲ್ಲು

ಕೆಲಸ ಮುಗಿದ ವಿವರವನ್ನು ವೆಂಡರ್ ಜಾಲತಾಣಕ್ಕೆ ಹಾಕುತ್ತಾರೆ, ಬೆಸ್ಕಾಂನವರು ಬಂದು ನೋಡಿ ಎರಡೂ ಕಡೆ ಓದುವ ಮೀಟರ್ ಕೂರಿಸುತ್ತಾರೆ. ಅದಕ್ಕೆ ಮುಂಚೆ ಪ್ಲಾಂಟ್ ಆನ್ ಮಾಡಬೇಡಿ. ಹಳೆಯ ಮೀಟರ್ ನೀವು ಹೊರಗೆ ಕೊಟ್ಟದ್ದನ್ನೂ ಬಳಸಿದ್ದೆಂದೇ ಎಣಿಸಬಹುದು. ಚಾಲನಾ ವರದಿ ಬಂದ ಮೇಲೆ ಬ್ಯಾಂಕ್ ವಿವರ ತುಂಬಿಸಿ. ಸಬ್ಸಿಡಿಗೆ ಯೋಜನೆಯಲ್ಲಿ ಹೇಳಿರುವ ಅವಧಿ ಮೂವತ್ತು ದಿನ.

ಮೊದಲ ಬಿಲ್ಲು ಬಂದಾಗ ಗೊಂದಲ ಆಗುತ್ತದೆ. ಮೊಬೈಲ್ ಆ್ಯಪ್‌ನಲ್ಲಿ 350 ಯೂನಿಟ್ ಹುಟ್ಟಿದೆ ಎಂದಿದ್ದರೆ ಬಿಲ್ಲಿನಲ್ಲಿ 230 ಮಾತ್ರ ಹೊರಗೆ ಹೋಗಿದೆ ಎಂದಿರುತ್ತದೆ. ಯಾರೂ ಕದ್ದಿಲ್ಲ. ಉಳಿದ 120 ಯೂನಿಟ್ ಹಗಲಲ್ಲೇ ನಿಮ್ಮ ಮೋಟರ್, ಫ್ರಿಜ್, ಮಿಕ್ಸಿಗೆ ನೇರವಾಗಿ ಹೋಗಿದೆ, ಮೀಟರ್‌ವರೆಗೆ ಬಂದೇ ಇಲ್ಲ. ರಾತ್ರಿ ಲೈನಿನಿಂದ ತೆಗೆದುಕೊಂಡದ್ದು 180 ಎಂದಿದ್ದರೆ, 230ರಲ್ಲಿ 180 ವಜಾ ಆಗಿ 50 ನಿಮ್ಮ ಕಡೆ ಮಿಕ್ಕಿತು. ಯೂನಿಟ್‌ಗೆ ಯೂನಿಟ್ ವಜಾ ಆಗುವುದರಿಂದ ಬಟ್ಟೆ ಒಗೆಯುವುದನ್ನು ಮಧ್ಯಾಹ್ನಕ್ಕೇ ಮಾಡಬೇಕು ಎಂಬ ಕಟ್ಟುಪಾಡೇನೂ ಇಲ್ಲ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹುಟ್ಟುವಳಿ ಮೇಲೇರುತ್ತದೆ, ಜುಲೈ-ಆಗಸ್ಟ್‌ನ ಮೋಡದಲ್ಲಿ ಕೆಳಗಿಳಿಯುತ್ತದೆ. ಹಾಗಾಗಿ ಒಂದು ತಿಂಗಳು ನೋಡಿ ತೀರ್ಪು ಕೊಡಬೇಡಿ. ಬಿಸಿಲು ಹೆಚ್ಚಾದಷ್ಟೂ ಕರೆಂಟು ಹೆಚ್ಚು ಎಂಬುದೂ ಪೂರ್ತಿ ನಿಜವಲ್ಲ: 25 ಡಿಗ್ರಿ ದಾಟಿ ಪ್ಯಾನೆಲ್ ಬಿಸಿಯಾದ ಒಂದೊಂದು ಡಿಗ್ರಿಗೂ ಶೇ. 0.3-0.4ರಷ್ಟು ಇಳಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಮ್ಮ ಕಡೆಯ ಹವೆ ರಾಯಚೂರು, ಕಲಬುರಗಿಯ ಉರಿಗಿಂತ ಪ್ಯಾನೆಲ್‌ಗೆ ಹಿತ.

ಸಂಕ್ರಾಂತಿಯ ಹೊತ್ತಿಗೆ ಅರ್ಜಿ ಹಾಕಿ, ಶಿವರಾತ್ರಿಯ ಆಸುಪಾಸು ಪ್ಲಾಂಟ್ ಶುರುವಾದರೆ ವರ್ಷದ ಒಳ್ಳೆಯ ತಿಂಗಳುಗಳು ಕೈತಪ್ಪುವುದಿಲ್ಲ.

ಹಂತ 10: ತೊಳೆಯುವುದು

ತುಮಕೂರು ಹೆದ್ದಾರಿ, ಕೈಗಾರಿಕಾ ಪ್ರದೇಶದ ಲಾರಿಗಳು, ಎಲ್ಲೆಲ್ಲೂ ಮನೆ ಕಟ್ಟುವ ಕೆಲಸ. ಸೋಂಪುರದ ಧೂಳಿಗೆ ಮಳೆಯೊಂದನ್ನೇ ನಂಬಿ ಕೂರಲಾಗದು. ಜನವರಿಯಿಂದ ಮೇವರೆಗೆ ಹದಿನೈದು ದಿನಕ್ಕೊಮ್ಮೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಸಾಕು. ಸೂರ್ಯ ಏರುವ ಮುಂಚೆ ತೊಳೆಯಿರಿ, ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು. ಬೋರ್‌ವೆಲ್ ನೀರು ಹಾಗೇ ಒಣಗಿದರೆ ಬಿಳಿ ಕಲೆ ಕೂರುತ್ತದೆ, ಅದಕ್ಕೆ ಮಳೆನೀರು ಹಿಡಿದಿಟ್ಟಿದ್ದರೆ ಅದನ್ನೇ ಬಳಸಿ, ಇಲ್ಲವಾದರೆ ರಬ್ಬರ್ ವೈಪರ್‌ನಿಂದ ನೀರು ಎಳೆದುಬಿಡಿ. ಮೆತ್ತನೆ ಬಟ್ಟೆ ಕಟ್ಟಿದ ಉದ್ದ ಕೋಲು ಸಾಕು. ಸೋಪಿನ ಪುಡಿ, ತೆಂಗಿನ ನಾರು ಬೇಡ. ಪ್ಯಾನೆಲ್ ಮೇಲೆ ಕಾಲಿಡಬೇಡಿ, ಮಕ್ಕಳನ್ನೂ ಹತ್ತಿಸಬೇಡಿ: ಮೇಲೆ ಕಾಣದಂಥ ಬಿರುಕು ಒಳಗೆ ಬಿಟ್ಟು ಹುಟ್ಟುವಳಿ ಮೆಲ್ಲಗೆ ಇಳಿಯುತ್ತದೆ.

ಪ್ರತಿ ತಿಂಗಳ ಒಂದನೇ ತಾರೀಖು ಆ್ಯಪ್‌ನ ಯೂನಿಟ್ ಅನ್ನು ಕ್ಯಾಲೆಂಡರ್ ಹಾಳೆಯ ಮೇಲೆ ಬರೆದಿಡಿ. ಹೋದ ವರ್ಷದ ಅದೇ ತಿಂಗಳಿಗಿಂತ ಐದರಲ್ಲಿ ಒಂದು ಭಾಗ ಇಳಿದಿದ್ದರೆ ಮೊದಲು ಧೂಳು, ಆಮೇಲೆ ಹೊಸದಾಗಿ ಬಿದ್ದ ನೆರಳು, ಕೊನೆಗೆ ವೈರಿನ ಜೋಡಣೆ ನೋಡಿಸಿ. ಸುಟ್ಟ ವಾಸನೆ ಬಂದರೆ ಪ್ಲಾಂಟ್‌ನ ಸ್ವಿಚ್ ಆಫ್ ಮಾಡಿ ವೆಂಡರ್‌ಗೆ ಹೇಳಿ, ಮೀಟರ್ ಕಡೆಯ ತೊಂದರೆಗೆ ಬೆಸ್ಕಾಂನ 1912ಕ್ಕೆ. ಐದು ವರ್ಷದ ನಿರ್ವಹಣೆ ಮುಗಿಯಲು ಮೂರು ತಿಂಗಳು ಇರುವಾಗಲೇ ವೆಂಡರ್‌ನನ್ನು ಕರೆಸಿ, ಅರ್ತಿಂಗ್ ಅಳತೆ, ಬೋಲ್ಟ್ ಬಿಗಿ, ಇನ್ವರ್ಟರ್ ತಪಾಸಣೆ ಮೂರನ್ನೂ ಮಾಡಿಸಿ ಸಹಿ ಹಾಕಿಸಿಕೊಳ್ಳಿ.